ಹಳೆ ಪಿಕಪ್ ಚಡಾವಿನಲ್ಲಿ ಎಳೆಯುವುದಿಲ್ಲ, ಮೇಲಿಂದ ಹೀಟ್ ಬೇರೆ: ಎಲ್ಲಿಂದ ಹುಡುಕಬೇಕು?

ಮಾರ್ಚ್ ಕಳೆದರೆ ಸಾಕು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗ್ಯಾರೇಜುಗಳಿಗೆ ಒಂದೇ ದೂರಿನ ಪಿಕಪ್‌ಗಳು ಬರತೊಡಗುತ್ತವೆ. ಕೆಂಪುಕಲ್ಲೋ ಅಡಿಕೆ ಗೋಣಿಯೋ ತುಂಬಿದರೆ ಪುಲ್ಲಿಂಗ್ ಇಲ್ಲ, ಸೆಕೆಂಡ್ ಗಿಯರಿಗೆ ಇಳಿಸಿದರೂ ಏದುಸಿರು, ಚಡಾವು ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ. ಇದಕ್ಕೆ ನಡೆಯುವ ಚಿಕಿತ್ಸೆಯೂ ಹೆಚ್ಚಾಗಿ ಒಂದೇ. ಮೊದಲು ರೇಡಿಯೇಟರ್ ಬದಲು. ಅದಕ್ಕೂ ಬಗ್ಗದಿದ್ದರೆ ಥರ್ಮೋಸ್ಟಾಟ್ (ನೀರು ಕಾದ ಮೇಲೆ ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಬಿಸಾಡುವುದು. ಕೊನೆಗೆ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ‘ಸ್ವಲ್ಪ ಡೀಸೆಲ್ ಜಾಸ್ತಿ’ ಕೊಡುವುದು. ಈ ಮೂರರಲ್ಲಿ ಕೊನೆಯ ಎರಡು ರೋಗವನ್ನು ಹೆಚ್ಚಿಸುತ್ತವೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಗಾಡಿಗಳ ವಿಷಯ: ಹಳೆಯ ಬೊಲೆರೊ ಡಿಐ ಪಿಕಪ್, ಟಾಟಾ 207 ತರದವು. ಕಾಮನ್ ರೈಲ್ (ಡೀಸೆಲ್ ಎಷ್ಟೆಂದು ಕಂಪ್ಯೂಟರ್ ನಿರ್ಧರಿಸುವ) ಇಂಜಿನ್ ಆದರೆ ಮೊದಲು ಸ್ಕ್ಯಾನರ್ ಹಾಕಿಸಿ. ಅದರಲ್ಲಿ ಬಿಸಿ ಮಿತಿ ಮೀರಿದರೆ ಕಂಪ್ಯೂಟರೇ ಡೀಸೆಲ್ ಕಡಿಮೆ ಮಾಡಿ ಇಂಜಿನನ್ನು ಕಾಪಾಡಿಕೊಳ್ಳುತ್ತದೆ. ಪುಲ್ಲಿಂಗ್ ಇಲ್ಲದಿರುವುದು ಅಲ್ಲಿ ಹೀಟಿನ ಫಲ ಆಗಿರಬಹುದು.

ಬೇಕಾದ ಸಾಮಾನು ಹೆಚ್ಚಿಲ್ಲ. ಸ್ಪಾನರ್ ಸೆಟ್, ಜಾಕಿ, ಟಾರ್ಚ್, ಡೀಸೆಲ್ ಪೈಪಿನ ಅಳತೆಯದೇ ಅರ್ಧ ಮೀಟರ್ ಪಾರದರ್ಶಕ ಪೈಪು, 110 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್, ಗನ್ ತರದ ಇನ್‌ಫ್ರಾರೆಡ್ ಥರ್ಮಾಮೀಟರ್. ಈ ಕೊನೆಯದು ಹೊಳೆಯುವ ಲೋಹದ ಮೇಲೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಗುರಿ ಇಡಿ.

ಹೊಗೆ ನೋಡದೆ ಬೋಲ್ಟ್ ಮುಟ್ಟಬೇಡಿ

ಲೋಡು ಹಾಕಿ, ಗೊತ್ತಿರುವ ಒಂದು ಚಡಾವಿನಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿ ಹತ್ತಿಸಿ. ಹಿಂದಿನಿಂದ ಬೈಕಿನಲ್ಲಿ ಒಬ್ಬರು ಬಂದು ಸೈಲೆನ್ಸರಿನ ಹೊಗೆ ನೋಡಲಿ.

ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಇಲ್ಲ. ಉಳಿದ ಡೀಸೆಲ್ ತಡವಾಗಿ, ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿಯುತ್ತಿರುತ್ತದೆ. ಆ ಉರಿ ಪಿಸ್ಟನನ್ನು ತಳ್ಳುವುದಿಲ್ಲ, ಹೆಡ್ಡನ್ನು (ಸಿಲಿಂಡರುಗಳ ಮೇಲೆ ಕೂತ ಭಾಗ) ಕಾಯಿಸುತ್ತದೆ, ಹೆಡ್ಡು ನೀರನ್ನು ಕಾಯಿಸುತ್ತದೆ. ಎಳೆಯದಿರುವುದು, ಹೀಟ್ ಆಗುವುದು ಎರಡಕ್ಕೂ ಇಲ್ಲಿ ಮೂಲ ಒಂದೇ. ಇಂಥ ಗಾಡಿಗೆ ಹೊಸ ರೇಡಿಯೇಟರ್ ಹಾಕಿ ಪ್ರಯೋಜನವಿಲ್ಲ.

ಹೊಗೆಯೇ ಇಲ್ಲ, ಎಳೆಯುವುದೂ ಇಲ್ಲ ಎಂದಾದರೆ ಇಂಜಿನಿಗೆ ಡೀಸೆಲ್ ಸಾಲುತ್ತಿಲ್ಲ. ಆದರೆ ಇಲ್ಲೊಂದು ಕಡೆ ನಿಂತು ಯೋಚಿಸಬೇಕು. ಡೀಸೆಲ್ ಕಡಿಮೆ ಹೋದ ಇಂಜಿನ್ ಹುಟ್ಟಿಸುವ ಬಿಸಿಯೂ ಕಡಿಮೆ. ಅದು ಹೀಟ್ ಆಗಲು ಕಾರಣವೇ ಇಲ್ಲ. ಹೊಗೆ ಇಲ್ಲದೆ, ಎಳೆಯದೆ, ಹೀಟೂ ಆಗುತ್ತಿದ್ದರೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ, ಇಲ್ಲವೇ ಇಂಜಿನ್ ಸರಿಯಾಗಿಯೇ ದುಡಿಯುತ್ತಿದ್ದು ಅದರ ಶಕ್ತಿಯನ್ನು ಹಿಡಿದ ಬ್ರೇಕೋ ಜಾರುವ ಕ್ಲಚ್ಚೋ ತಿನ್ನುತ್ತಿದೆ.

ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ಹೋಗುತ್ತಿರಬಹುದು, ಅಥವಾ ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಹಿಂದೆ ಬಿದ್ದಿರಬಹುದು. ನೀರಿನದಾದರೆ ಆವಿಯಂತೆ, ಕೂಲೆಂಟ್ ಇದ್ದರೆ ಸಿಹಿ ವಾಸನೆ. ಟೈಮಿಂಗಿನದಾದರೆ ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ (ಇಂಜಿನಿಗೆ ಗಾಳಿ ಒತ್ತಿ ತುಂಬುವ ಭಾಗ) ಸೀಲ್ ಹೋಗಿರಬಹುದು.

ಕಪ್ಪು ಹೊಗೆಯ ಗಾಡಿ

ಏರ್ ಫಿಲ್ಟರಿನಿಂದ ಶುರು. ಕೋರೆಗೆ ಹೋಗುವ ಗಾಡಿಯ ಫಿಲ್ಟರಿಗೆ ಕಂಪೆನಿ ಹೇಳಿದ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ; ಕೆಂಪುಕಲ್ಲಿನ ಹುಡಿ ಕೆಲವೇ ವಾರದಲ್ಲಿ ಕಾಗದದ ಮಡಿಕೆಗಳನ್ನು ಮುಚ್ಚುತ್ತದೆ. ಫಿಲ್ಟರಿನ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ಬೆಳಕು ಎಲ್ಲ ಕಡೆ ಸಮನಾಗಿ ಕಾಣದಿದ್ದರೆ ಬದಲಿಸಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಮೆತ್ತಗೆ. ಟೈರಿಗೆ ಹೊಡೆಯುವ ಪ್ರೆಶರಿನಲ್ಲಿ ಹತ್ತಿರ ಹಿಡಿದರೆ ಕಾಗದ ಕಣ್ಣಿಗೆ ಕಾಣದಂತೆ ಹರಿಯುತ್ತದೆ, ಆಮೇಲೆ ಆ ಹುಡಿ ಹೋಗುವುದು ಸಿಲಿಂಡರಿಗೆ. ಗಾಳಿ ಎಳೆಯುವ ಪೈಪನ್ನೂ ನೋಡಿ. ಹಳೆಯ ರಬ್ಬರ್ ಪೈಪು ಇಂಜಿನ್ ರೈಸ್ ಮಾಡಿದಾಗ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುವುದುಂಟು.

ಟರ್ಬೊ ಇದ್ದರೆ ಟರ್ಬೊದಿಂದ ಇನ್‌ಟೇಕಿಗೆ ಹೋಗುವ ಹೋಸುಗಳಿಗೆ ಸಾಬೂನು ನೀರು ಬಳಿದು, ಒಬ್ಬರು ರೈಸ್ ಮಾಡುತ್ತಿರುವಾಗ ಗುಳ್ಳೆ ಬರುತ್ತದೆಯೇ ನೋಡಿ. ಬಿರುಕು ಹೆಚ್ಚಾಗಿ ಹೋಸಿನ ಕೆಳಮೈಯಲ್ಲಿ, ಕ್ಲಾಂಪಿನ ಅಂಚಿನಲ್ಲಿ ಇರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಇಂಜಿನ್ ಬಂದ್ ಮಾಡಿ ತಣಿದ ಮೇಲೆ ಟರ್ಬೊದ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಸ್ವಲ್ಪ ಪ್ಲೇ ಸಹಜ. ಬ್ಲೇಡು ಹೌಸಿಂಗಿಗೆ ತಾಗಬಾರದು, ಉದ್ದಕ್ಕೆ ಕೈಗೆ ಗೊತ್ತಾಗುವಷ್ಟು ಪ್ಲೇ ಇರಬಾರದು. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಇಂಜಿನಿಗೇ ವಾಪಸ್ ಬಿಡುವುದು) ಇರುವ ಮಾಡೆಲುಗಳಲ್ಲಿ ಅದು ಕರಿ ಹಿಡಿದು ತೆರೆದೇ ನಿಂತರೂ ಹೀಗೆಯೇ ಕಪ್ಪು ಹೊಗೆ.

ಇನ್ನು ಆ ಸ್ಕ್ರೂ. ಡೀಸೆಲ್ ಪಂಪಿನಲ್ಲಿ ಗರಿಷ್ಠ ಡೀಸೆಲ್ ಎಷ್ಟು ಹೋಗಬೇಕೆಂದು ನಿಗದಿ ಮಾಡುವ ಸ್ಕ್ರೂಗೆ ಕಂಪೆನಿ ಸೀಲ್ ಇರುತ್ತದೆ. ಸೀಲ್ ಒಡೆದಿದ್ದರೆ ಯಾರೋ ಕೈ ಆಡಿಸಿದ್ದಾರೆ ಎಂದೇ ಅರ್ಥ. ತಿರುಗಿಸಿದ ದಿನ ಗಾಡಿ ಚೆನ್ನಾಗಿ ಎಳೆದಂತೆ ಅನಿಸುತ್ತದೆ, ಏಕೆಂದರೆ ಹೊಸ ಫಿಲ್ಟರ್ ಇರುವ ಇಂಜಿನಿನಲ್ಲಿ ಗಾಳಿ ತುಸು ಮಿಗುತ್ತದೆ. ಫಿಲ್ಟರ್ ಅರ್ಧ ಮುಚ್ಚಿದ ಮೇಲೆ ಅದೇ ಹೆಚ್ಚುವರಿ ಡೀಸೆಲ್ ಹೊಗೆಯಾಗಿ, ಬಿಸಿಯಾಗಿ ಹೊರಬರುತ್ತದೆ. ಲೋಡಿನಲ್ಲಿ ದಿನವೂ ಹೀಗೆ ಓಡಿದರೆ ಕೊನೆಗೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್) ಹೋಗುತ್ತದೆ, ಪಿಸ್ಟನ್ ತಲೆ ಸುಡುತ್ತದೆ. ಅಂದಾಜಿನಲ್ಲಿ ಹಿಂದಕ್ಕೆ ತಿರುಗಿಸುವುದು ಇದಕ್ಕೆ ಪರಿಹಾರ ಅಲ್ಲ. ಪಂಪ್ ಬಿಚ್ಚಿ ಟೆಸ್ಟ್ ಬೆಂಚ್ ಇರುವಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಸಲುಗಳ ಪ್ರೆಶರ್ ಮತ್ತು ಸ್ಪ್ರೇಯನ್ನೂ ಅಲ್ಲೇ ನೋಡಿಸಿ. ಸೋರುವ ಒಂದು ನೋಸಲ್ ಸಾಕು, ಆ ಸಿಲಿಂಡರ್ ಮಾತ್ರ ಕಪ್ಪು ಹೊಗೆ ಬಿಡುತ್ತಾ ಇಂಜಿನ್ ಬಡಿಯುತ್ತದೆ.

ಪಂಪ್ ವಾಪಸ್ ಕೂರಿಸುವಾಗ ಟೈಮಿಂಗ್ ಬಗ್ಗೆ ಎಚ್ಚರ. ಬಿಚ್ಚುವ ಮೊದಲೇ ಫ್ಲೇಂಜಿನ ಮೇಲೆ ಚೂಪಾದ ಗುರುತು ಹಾಕಿ. ತುಸು ಹಿಂದೆ ಬಿದ್ದರೂ ಇಂಜಿನ್ ಸದ್ದು ಮೆತ್ತಗಾಗುತ್ತದೆ, ಕೇಳಲು ಹಿತ, ಆದರೆ ಪುಲ್ಲಿಂಗ್ ಇರುವುದಿಲ್ಲ, ಮ್ಯಾನಿಫೋಲ್ಡ್ ವಿಪರೀತ ಕಾಯುತ್ತದೆ. ಪಂಪ್ ಕೆಲಸ ಆದ ಮೇಲೆಯೇ ಹೀಟ್ ಶುರುವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ.

ಹೊಗೆ ಇಲ್ಲದ ಗಾಡಿ

ಖರ್ಚಿಲ್ಲದ ಪರೀಕ್ಷೆಗಳು ಮೊದಲು. ಒಬ್ಬರು ಸೀಟಿನಲ್ಲಿ ಕೂತು ಎಕ್ಸಲೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬೋನೆಟ್ ಎತ್ತಿ ಪಂಪಿನ ಲಿವರ್ ಸ್ಟಾಪರಿಗೆ ಮುಟ್ಟಿತೇ ನೋಡಲಿ. ಕೇಬಲ್ ಸಡಿಲವಾಗಿಯೋ, ಪೆಡಲಿನ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಸಿಕ್ಕಿಯೋ ಲಿವರ್ ಮುಕ್ಕಾಲು ಮಾತ್ರ ತೆರೆಯುವುದು ನೀವೆಣಿಸಿದಷ್ಟು ಅಪರೂಪವಲ್ಲ.

ಎರಡನೆಯದು ಡೀಸೆಲ್ ಟ್ಯಾಂಕಿನ ಮುಚ್ಚಳ. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಪುಲ್ಲಿಂಗ್ ಬಿದ್ದರೆ ನಿಲ್ಲಿಸಿ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಎಳೆದ ಸದ್ದು ಕೇಳಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳದ ವೆಂಟ್ (ಗಾಳಿ ಹೋಗುವ ತೂತು) ಮುಚ್ಚಿದೆ. ಮಣ್ಣಿನ ರಸ್ತೆಯ ಗಾಡಿಗಳಲ್ಲಿ ಕೆಸರು ಒಣಗಿ ಹೀಗಾಗುತ್ತದೆ.

ಮುಂದಿನದು ಡೀಸೆಲ್ ಫಿಲ್ಟರ್. ಅಡಿಯ ಡ್ರೈನ್ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ, ಹತ್ತು ನಿಮಿಷ ಇಡಿ. ನೀರಿದ್ದರೆ ಅಡಿಗೆ ಕೂರುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ವಾರಗಟ್ಟಲೆ ನಿಲ್ಲಿಸಿದರೆ ಒಳಗೋಡೆಯಲ್ಲಿ ಹನಿಕಟ್ಟಿದ ನೀರು ಇಲ್ಲಿಗೇ ಬರುವುದು. ನೀರು ಕಂಡರೆ ಟ್ಯಾಂಕಿನ ಅಡಿಯ ಪ್ಲಗ್ಗೂ ಬಿಚ್ಚಿ ಕೊಳೆ ಇಳಿಸಿ, ಟ್ಯಾಂಕೊಳಗಿನ ಜಾಲರಿ ತೊಳೆದು, ಫಿಲ್ಟರ್ ಹೊಸದು ಹಾಕಿ.

ಆಮೇಲೆ ಗಾಳಿ ಹಿಡಿಯುವ ಪ್ರಶ್ನೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗಕ್ಕೆ ಪಾರದರ್ಶಕ ಪೈಪು ಹಾಕಿ ಸ್ಟಾರ್ಟ್ ಮಾಡಿ. ಮೊದಲ ಅರ್ಧ ನಿಮಿಷ ಗುಳ್ಳೆ ಹೋಗುವುದು ಸಹಜ. ಆಮೇಲೂ ಸಾಲಾಗಿ ಹೋಗುತ್ತಿದ್ದರೆ ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗೆ (ಟ್ಯಾಂಕಿನ ಡೀಸೆಲ್ ಎಳೆದು ತರುವ ಪಂಪ್) ಎಲ್ಲೋ ಗಾಳಿ ಎಳೆಯುತ್ತಿದೆ. ಆ ಭಾಗದಲ್ಲಿ ಡೀಸೆಲ್ ಹೀರಿಕೊಂಡು ಬರುವುದರಿಂದ ಹೊರಗೆ ಸೋರಿಕೆ ಕಾಣಿಸುವುದೇ ಇಲ್ಲ. ಹಳೆ ರಬ್ಬರ್ ಪೈಪು, ತಾಮ್ರದ ವಾಷರ್, ಫಿಲ್ಟರ್ ಬಟ್ಟಲಿನ ಓ-ರಿಂಗ್, ಇಷ್ಟನ್ನೂ ಒಟ್ಟಿಗೆ ಬದಲಿಸುವುದೇ ಲಾಭ. ಇಂಜಿನ್ ಬ್ಲಾಕಿಗೆ ಕೂತ ಲಿಫ್ಟ್ ಪಂಪಿನ ಡಯಾಫ್ರಾಂ ಹರಿದಿದ್ದರೆ ಡೀಸೆಲ್ ಆಯಿಲಿಗೆ ಇಳಿಯುತ್ತದೆ: ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರುತ್ತದೆ, ಮೂಗಿಗೆ ಡೀಸೆಲ್ ವಾಸನೆ ಬರುತ್ತದೆ. ಆ ಆಯಿಲಿನಲ್ಲಿ ಒಂದು ಟ್ರಿಪ್ಪೂ ಓಡಿಸಬೇಡಿ.

ಡೀಸೆಲ್ ಪೈಪಿನ ಏರ್ ತೆಗೆಯುವಾಗ ಫಿಲ್ಟರಿನ ಬ್ಲೀಡ್ ಸ್ಕ್ರೂ ಮೊದಲು, ಡೀಸೆಲ್ ಪಂಪಿನದು ಆಮೇಲೆ, ಕೊನೆಗೆ ನೋಸಲ್ ಪೈಪುಗಳ ನಟ್. ಸೆಲ್ಫ್ ಹೊಡೆಯುವಾಗ ನೋಸಲ್ ಪೈಪಿನ ಹತ್ತಿರ ಬರಿಗೈ ತರಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ.

ಬ್ರೇಕ್, ಕ್ಲಚ್

ನಿಧಾನಕ್ಕೆ ಬಿಗಿಯುವ ಬ್ರೇಕ್ ಮೆಕ್ಯಾನಿಕನ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳುತ್ತದೆ. ಕುಂಬಳೆ–ಉಪ್ಪಳ ನಡುವೆ ಹೆದ್ದಾರಿ 66ರಂಥ ಸಮತಟ್ಟು ರಸ್ತೆಯಲ್ಲಿ ಆರೇಳು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಬದಿಗೆ ತೆಗೆದು ನ್ಯೂಟ್ರಲಿನಲ್ಲಿ ತಾನಾಗಿ ನಿಲ್ಲಲು ಬಿಡಿ. ತಕ್ಷಣ ನಾಲ್ಕೂ ಚಕ್ರದ ಡ್ರಮ್ ಅಥವಾ ಡಿಸ್ಕಿನ ಬಿಸಿ ಅಳೆಯಿರಿ. ಒಂದೇ ಆಕ್ಸಲಿನ ಎಡಬಲಗಳ ನಡುವೆ 20–25 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಸಿ ಇರುವ ಕಡೆ ಹಿಡಿಯುತ್ತಿದೆ. ಕೈಯಲ್ಲಿ ಮುಟ್ಟಿ ನೋಡಲು ಹೋಗಬೇಡಿ.

ಹಿಂದಿನ ಚಕ್ರವಾದರೆ ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್ ಅಥವಾ ಸಿಲುಕಿದ ವೀಲ್ ಸಿಲಿಂಡರ್. ಮುಂದಿನದಾದರೆ ಕ್ಯಾಲಿಪರ್ ಪಿನ್. ಜಾಕಿ ಕೊಟ್ಟು ಚಕ್ರ ತಿರುಗಿಸಿ. ಬಿಗಿ ಇದ್ದರೆ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಗ ಚಕ್ರ ಸಡಿಲವಾದರೆ ಕ್ಯಾಲಿಪರ್ ಸರಿ ಇದೆ, ಬ್ರೇಕ್ ಆಯಿಲ್ ವಾಪಸ್ ಹೋಗುತ್ತಿಲ್ಲ: ಒಳಗೆ ಊದಿದ ಬ್ರೇಕ್ ಹೋಸ್, ಇಲ್ಲವೇ ಮಾಸ್ಟರ್ ಸಿಲಿಂಡರ್. ನಾಲ್ಕೂ ಚಕ್ರ ಸಮನಾಗಿ ಹಿಡಿಯುತ್ತಿದ್ದರೆ ಬ್ರೇಕ್ ಪೆಡಲಿಗೆ ಫ್ರೀ ಪ್ಲೇ ಇದೆಯೇ ನೋಡಿ. ಪ್ಲೇ ಇಲ್ಲದ ಗಾಡಿ ಬೆಳಿಗ್ಗೆ ಚೆನ್ನಾಗಿ ಓಡಿ, ಹತ್ತು ಕಿಲೋಮೀಟರ್ ಆದ ಮೇಲೆ ತನ್ನಷ್ಟಕ್ಕೆ ಭಾರವಾಗುತ್ತದೆ.

ಕ್ಲಚ್ಚಿಗೆ ಪರೀಕ್ಷೆ ಸರಳ. ನಾಲ್ಕನೇ ಗಿಯರಿನಲ್ಲಿ 40ರ ವೇಗದಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ.

ನೀರಿನ ಕಡೆ

ಹೊಗೆ ಸರಿ, ಬ್ರೇಕ್ ಸರಿ, ಆದರೂ ಹೀಟ್ ಎಂದಾದರೆ ಈಗ ರೇಡಿಯೇಟರ್ ಕಡೆ ಬನ್ನಿ. ಯಾವಾಗ ಬಿಸಿ ಏರುತ್ತದೆ ಎಂಬುದು ಅರ್ಧ ಉತ್ತರ. ಪೇಟೆಯ ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಹೆದ್ದಾರಿಗೆ ಬಂದರೆ ಇಳಿದರೆ ಫ್ಯಾನಿನ ತೊಂದರೆ. ಹೆದ್ದಾರಿಯಲ್ಲೇ ಏರಿದರೆ ನೀರು ಹರಿಯುತ್ತಿಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಐದೇ ನಿಮಿಷದಲ್ಲಿ ಏರಿದರೆ ನೀರು ಕಡಿಮೆ, ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ, ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಏರಿದರೆ ಬಿಸಿಯೇ ಇಲ್ಲ, ಮೀಟರಿನ ಅರ್ಥ್ ವಯರ್ ಸಡಿಲ. ಥರ್ಮೋಸ್ಟಾಟ್ ಹೌಸಿಂಗಿನ ಮೇಲೆ ಟೇಪ್ ಅಂಟಿಸಿ ಗನ್ನಿನಲ್ಲಿ ಅಳೆದರೆ ಸತ್ಯ ಗೊತ್ತಾಗುತ್ತದೆ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯಲು, ಒತ್ತಿದರೆ ಮೆತ್ತಗಾಗಲು ಬರುವವರೆಗೆ ಕಾಯಿರಿ. ಕುದಿಯುವ ಇಂಜಿನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ರೇಡಿಯೇಟರ್ ಮುಚ್ಚಳ ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ, ಆದರೆ ಎಲ್ಲರೂ ಮರೆಯುವುದೂ ಅದನ್ನೇ. ಅದರ ಮೇಲೆ 0.9 ಎಂದು ಇದ್ದರೆ ಅಷ್ಟು ಬಾರ್ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100ಕ್ಕೆ ಬದಲು ಸುಮಾರು 118 ಡಿಗ್ರಿಗೆ ಕುದಿಯುತ್ತದೆ. ರಬ್ಬರ್ ಒಣಗಿದ್ದರೆ, ನಡುವಿನ ಚಿಕ್ಕ ವಾಲ್ವ್ ಎಳೆದರೆ ವಾಪಸ್ ಬರದಿದ್ದರೆ ಬದಲಿಸಿ, ಅದೇ ಅಂಕಿಯದನ್ನೇ ಹಾಕಿ.

ರೇಡಿಯೇಟರಿನ ಹೊರಗಡೆ: ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಕೆಂಪು ಹುಡಿ, ಅಡಿಕೆ ಸಿಪ್ಪೆಯ ನಾರು, ಬೈಹುಲ್ಲಿನ ಚೂರು, ಅದಕ್ಕೆ ಒಂದಿಷ್ಟು ಆಯಿಲ್ ಸೇರಿದರೆ ಗೋಡೆಗೆ ಸಾರಣೆ ಮಾಡಿದಂತೆ ಕೂತಿರುತ್ತದೆ. ಸೋಪಿನ ಹುಡಿ ಕರಗಿಸಿದ ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟು, ಇಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಅಲ್ಯುಮಿನಿಯಂ ಫಿನ್ ಮಡಚಿ ಹೋಗುತ್ತದೆ.

ಒಳಗಡೆ ಕಟ್ಟಿದೆಯೇ ಎಂದು ತಿಳಿಯಲು ಇಂಜಿನ್ ಪೂರ್ತಿ ಕಾಯಿಸಿ, ಬಂದ್ ಮಾಡಿ, ರೇಡಿಯೇಟರಿನ ಮುಖವನ್ನು ಸಾಲು ಸಾಲಾಗಿ ಗನ್ನಿನಲ್ಲಿ ಅಳೆಯಿರಿ. ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಮುಚ್ಚಿವೆ. ಹಿತ್ತಾಳೆ ರೇಡಿಯೇಟರ್ ಆದರೆ ಅದರ ಟ್ಯಾಂಕ್ ಬಿಚ್ಚಿ ರಾಡಿಂಗ್ (ಕೊಳವೆಗಳಿಗೆ ಸರಳು ತೂರಿಸಿ ಶುಚಿ) ಮಾಡಿಸಬಹುದು. ಅಲ್ಯುಮಿನಿಯಂ-ಪ್ಲಾಸ್ಟಿಕ್ಕಿನದಾದರೆ ಬದಲಿಸುವುದೇ ದಾರಿ.

ಫ್ಯಾನ್ ಬೆಲ್ಟನ್ನು ಉದ್ದದ ಭಾಗದ ನಡುವೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ 10–12 ಮಿ.ಮೀ. ಬಗ್ಗಬೇಕು. ವಿಸ್ಕಸ್ ಕಪ್ಲಿಂಗ್ ಫ್ಯಾನ್ ಇದ್ದರೆ ಬಿಸಿ ಇಂಜಿನ್ ಬಂದ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಗಟ್ಟಿ ತಡೆ ಇರಬೇಕು. ಸಲೀಸಾಗಿ ತಿರುಗಿದರೆ ಒಳಗಿನ ಸಿಲಿಕಾನ್ ಆಯಿಲ್ ಸೋರಿ ಹೋಗಿದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದೆ ಎಂದು ತೆಗೆದು ಬಿಸಾಡಿದ್ದರೆ ಅದನ್ನು ವಾಪಸ್ ಹಾಕಿಸಿ. ಅದಿಲ್ಲದೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಬದಿಯಿಂದ ಎಳೆಯುತ್ತದೆ.

ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿ. ಅಡಿಗೆ, ಬದಿಗೆ ತಾಗಬಾರದು. ಅದರ ಮೇಲೆ ಒತ್ತಿದ ಅಂಕಿ 82 ಆಗಿದ್ದರೆ ಆ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವ ಮೊದಲು ಪೂರ್ತಿ ತೆರೆಯಬೇಕು. ‘ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟ್ ಯಾಕೆ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅನೇಕ ಇಂಜಿನುಗಳಲ್ಲಿ ಈ ವಾಲ್ವ್ ತೆರೆಯುತ್ತಾ ಹೋದಂತೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನಿನಲ್ಲೇ ಸುತ್ತುತ್ತದೆ. ಲೋಡಿನಲ್ಲಿ ಹೀಟ್, ಬೆಳಗಿನ ಹೊತ್ತು ಇಂಜಿನ್ ಕಾಯದೆ ಡೀಸೆಲ್ ನಷ್ಟ.

ವಾಟರ್ ಪಂಪಿನ ಅಡಿಯ ಚಿಕ್ಕ ತೂತಿನಿಂದ ನೀರಿನ ಗುರುತು ಇಳಿದಿದ್ದರೆ, ಫ್ಯಾನ್ ಹಿಡಿದು ಅಲ್ಲಾಡಿಸಿದಾಗ ಪ್ಲೇ ಇದ್ದರೆ ಪಂಪ್ ಮುಗಿಯಿತು. ಸೋರದೆಯೂ ಒಳಗಿನ ಇಂಪೆಲ್ಲರ್ ತುಕ್ಕಿಗೆ ಸವೆದಿರಬಹುದು. ಕೆಳಗಿನ ಹೋಸ್ ರೈಸ್ ಮಾಡಿದಾಗ ಚಪ್ಪಟೆಯಾದರೆ ಅದರೊಳಗಿನ ಸ್ಪ್ರಿಂಗ್ ಕರಗಿ ಹೋಗಿದೆ, ಅಥವಾ ರೇಡಿಯೇಟರ್ ಕಟ್ಟಿದೆ.

ಹೆಡ್ ಗ್ಯಾಸ್ಕೆಟ್

ತಣ್ಣಗಿನ ಇಂಜಿನಿನಲ್ಲಿ ಮುಚ್ಚಳ ತೆಗೆದು, ನೀರು ಕತ್ತಿನವರೆಗೆ ತುಂಬಿ ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಸಹಜ. ಎಡೆಬಿಡದೆ ಬಂದರೆ, ರೈಸ್ ಮಾಡಿದಾಗ ಹೆಚ್ಚಿದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿಯಾಗುವುದೂ ಅದೇ ಲಕ್ಷಣ. ಆಯಿಲ್ ಮುಚ್ಚಳದ ಅಡಿ ಬೂದು-ಬಿಳಿ ಕೊಳೆ ಕಂಡರೆ ನೀರು ಆಯಿಲಿಗೂ ಸೇರಿದೆ.

ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಬೇಡಿ. ನೇರ ಪಟ್ಟಿ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಿ. ಹೆಡ್ ಸೊಟ್ಟಾಗಿರುವುದು ಕೈಪಿಡಿಯ ಮಿತಿ ಮೀರಿದ್ದರೆ ಫೇಸಿಂಗ್ (ಮೈ ಸಮ ಮಾಡುವುದು), ಜೊತೆಗೆ ಬಿರುಕಿನ ಪ್ರೆಶರ್ ಟೆಸ್ಟ್. ಡೀಸೆಲ್ ಇಂಜಿನಿಗೆ ಗ್ಯಾಸ್ಕೆಟ್ ಹಲವು ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತಿನಿಂದ ಗುರುತಿಸುತ್ತಾರೆ. ಹಳೆಯದರಲ್ಲಿ ಎಷ್ಟಿತ್ತೋ ನೋಡಿಟ್ಟುಕೊಳ್ಳಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು.

ನೀರು ತುಂಬುವುದು

ಕರಾವಳಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಬರುತ್ತದೆ, ಬೋರ್‌ವೆಲ್ ನೀರಿನಲ್ಲಿ ಖನಿಜ. ಎರಡೂ ಬೇಡ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಅರ್ಧಕ್ಕರ್ಧ ಕೂಲೆಂಟ್. ಮಳೆನೀರು ಮೆದು ಎಂಬುದು ನಿಜ, ಆದರೆ ತುಕ್ಕು ತಡೆಯುವ ರಾಸಾಯನಿಕ ಅದರಲ್ಲಿಲ್ಲ. ಫ್ಲಶ್ ಮಾಡಿದ ಮೇಲೂ ಬ್ಲಾಕಿನಲ್ಲಿ ನೀರು ಉಳಿದಿರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಒಟ್ಟು 8 ಲೀಟರ್ ಎಂದಿದ್ದರೆ ಮೊದಲು 4 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಹೊಯ್ದು, ಆಮೇಲೆ ನೀರಿನಿಂದ ತುಂಬಿಸಿ. ಡಬ್ಬದಲ್ಲಿ ‘ರೆಡಿ ಮಿಕ್ಸ್’ ಎಂದಿದ್ದರೆ ನೀರು ಸೇರಿಸಬೇಡಿ.

ಗಾಡಿಯ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಅದರ ವಾಲ್ವ್ ತೆರೆದಿಡಿ. ಮುಚ್ಚಳ ತೆಗೆದೇ ಐಡ್ಲಿಂಗಿನಲ್ಲಿ ಬಿಟ್ಟು, ಮೇಲಿನ ಹೋಸ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದದ್ದು ಗೊತ್ತಾಗುವವರೆಗೆ ಮಟ್ಟ ತುಂಬಿಸುತ್ತಾ ಇರಿ, ಆಮೇಲೆ ಮುಚ್ಚಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ನೋಡಿ; ಸ್ವಲ್ಪ ಇಳಿದಿರುತ್ತದೆ. ಮೂರನೆಯ ದಿನವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಹೊರಗೆ ಕಾಣದಿದ್ದರೆ ಒಳಗೆ. ಇಳಿಸಿದ ಹಳೆ ಕೂಲೆಂಟನ್ನು ತೋಟದ ಕಣಿಗೆ ಚೆಲ್ಲಬೇಡಿ: ಎಥಿಲಿನ್ ಗ್ಲೈಕಾಲ್ ಸಿಹಿ ಇರುತ್ತದೆ, ನಾಯಿ, ದನ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಡಿ.